ಮನೆಯೊಳಗಿನ ಧೈರ್ಯ: ಓದುಗರ ಪ್ರಶ್ನೆ, ಸಭಾಪಾಲಕರ ಉತ್ತರ

ಪ್ರಶ್ನೆ: ಮದುವೆಯಾದ ಹೊಸದರಲ್ಲಿ ನನ್ನ ಗಂಡ ಸಂಬಳದ ದಿನ ಮಾತ್ರ ಕುಡಿಯುತ್ತಿದ್ದರು. ಈಗ ದಿನಾ ಬೇಕು. ಕುಡಿದು ಬಂದ ರಾತ್ರಿ ಕೈಯನ್ನೂ ಎತ್ತುತ್ತಾರೆ. ಸಭೆಯ ಹಿರಿಯರಲ್ಲಿ ಹೇಳಿಕೊಂಡೆ. ‘ನಿನ್ನ ಶಿಲುಬೆ ನೀನೇ ಹೊರಬೇಕಮ್ಮ, ತಾಳ್ಮೆಯಿಂದ ಪ್ರಾರ್ಥನೆ ಮಾಡು’ ಅಂದರು. ಪ್ರಾರ್ಥನೆ ಬಿಟ್ಟಿಲ್ಲ. ಆದರೂ ಸಂಜೆ ಗೇಟು ಸದ್ದಾದರೆ ಮಕ್ಕಳು ಪುಸ್ತಕ ಮುಚ್ಚಿ ಒಳಗೋಡುತ್ತವೆ, ನನ್ನ ಕೈ ನಡುಗುತ್ತದೆ. ನನ್ನ ವಿಶ್ವಾಸ ಕಡಿಮೆಯಾಯಿತೇ?
– ಹೆಸರು ಬೇಡ, ಗದಗ

ಉತ್ತರ: ಸಹೋದರಿ, ನಿಮ್ಮ ವಿಶ್ವಾಸಕ್ಕೆ ಏನೂ ಆಗಿಲ್ಲ. ನಿಮಗೆ ಸಿಕ್ಕ ಬುದ್ಧಿಮಾತೇ ತಪ್ಪು. ಯೇಸು ಶಿಲುಬೆ ಹೊರಲು ಕರೆದದ್ದು ತನ್ನನ್ನು ಹಿಂಬಾಲಿಸುವವರನ್ನು. ಗಂಡನ ಏಟಿಗೆ ಮೈಯೊಡ್ಡಿ ಸುಮ್ಮನಿರಬೇಕೆಂದು ಆ ಮಾತಿಗೆ ಅರ್ಥ ಹಚ್ಚುವುದು ಅನ್ಯಾಯ. ಮಹಾಯಾಜಕನ ವಿಚಾರಣೆಯಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ, ಯಾಕೆ ಹೊಡೆದೆ ಎಂದು ಯೇಸು ಅವನನ್ನು ನೇರವಾಗಿ ಕೇಳಿದ. ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ, ಓದಿ ನೋಡಿ.

ಇನ್ನೊಂದು ಅಧ್ಯಾಯವನ್ನೂ ನಿಮಗಾಗಿ ಗುರುತು ಹಾಕಿದ್ದೇನೆ: 1 ಸಮುವೇಲ 25. ನಾಬಾಲ ಮೂರು ಸಾವಿರ ಕುರಿಗಳ ಒಡೆಯ, ಬಾಯಿ ಕೆಟ್ಟವ. ಅವನ ಹತ್ತಿರ ಮಾತಾಡುವುದೇ ಆಗದೆಂದು ಮನೆಯ ಆಳೇ ಹೇಳುತ್ತಾನೆ. ಅವನು ದಾವೀದನ ಕಡೆಯವರನ್ನು ಅವಮಾನಿಸಿ ಕಳಿಸಿದ್ದರಿಂದ, ದಾವೀದ ನಾನೂರು ಜನರೊಂದಿಗೆ ಕತ್ತಿ ಕಟ್ಟಿಕೊಂಡು ಹೊರಟ. ಹೆಂಡತಿ ಅಬೀಗೈಲ್ ಗಂಡನ ಅಪ್ಪಣೆಗೆ ಕಾಯಲಿಲ್ಲ. ಇನ್ನೂರು ರೊಟ್ಟಿ, ಐದು ಕುರಿಗಳ ಮಾಂಸ, ಒಣದ್ರಾಕ್ಷಿ, ಅಂಜೂರವನ್ನು ಕತ್ತೆಗಳ ಮೇಲೆ ಹೇರಿಸಿ, ತಾನೇ ಎದುರು ಹೋಗಿ ಮನೆಯವರ ಜೀವ ಉಳಿಸಿದಳು. ವಾಪಸು ಬಂದಾಗ ಗಂಡ ಕುಡಿದು ಮೈಮರೆತಿದ್ದ. ಆ ರಾತ್ರಿ ಅವಳು ಒಂದು ಮಾತೂ ಆಡಲಿಲ್ಲ. ಬೆಳಗಾಗಿ ಅಮಲು ಇಳಿದ ಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಧರ್ಮಗ್ರಂಥ ಅವಳನ್ನು ಬುದ್ಧಿವಂತೆ ಎನ್ನುತ್ತದೆ. ಗಂಡನ ಮಾತು ಮೀರಿದವಳೆಂದು ಎಲ್ಲಿಯೂ ದೂರುವುದಿಲ್ಲ.

ನೀವೂ ರಾತ್ರಿ ವಾದಕ್ಕೆ ಇಳಿಯಬೇಡಿ. ಬೆಳಿಗ್ಗೆ, ನಿಮ್ಮ ಅಣ್ಣನೋ ಗಂಡ ಗೌರವ ಕೊಡುವ ಹಿರಿಯರೋ ಜೊತೆಗಿದ್ದಾಗ ಮಾತಾಡಿ: ಇನ್ನು ಕೈಯೆತ್ತಿದರೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತೇನೆ, ಚಿಕಿತ್ಸೆಗೆ ಬಂದರೆ ಜೊತೆಗಿರುತ್ತೇನೆ. ಹೀಗೆ ಹೇಳಿದರೆ ಇನ್ನೂ ಹೊಡೆದಾರು ಎಂಬ ಭಯವಿದ್ದರೆ ಹೇಳಲೇಬೇಡಿ, ಮೊದಲು ಸುರಕ್ಷಿತ ಜಾಗ ಸೇರಿ. ದಮಸ್ಕದಲ್ಲಿ ಪೌಲನ ಜೀವಕ್ಕೆ ಕುತ್ತು ಬಂದಾಗ ಶಿಷ್ಯರು ಅವನನ್ನು ರಾತ್ರೋರಾತ್ರಿ ಬುಟ್ಟಿಯಲ್ಲಿ ಕೂರಿಸಿ ಊರಗೋಡೆಯಿಂದ ಇಳಿಸಿದರು. ಅದನ್ನು ಅವಿಶ್ವಾಸವೆಂದು ಯಾರೂ ಕರೆದಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಇದೆ. ಗಂಡನ ಮನೆಯಲ್ಲೇ ಉಳಿದು ರಕ್ಷಣೆ ಕೇಳುವ ಹಕ್ಕನ್ನೂ ಅದು ಕೊಡುತ್ತದೆ.

ಚಿಕಿತ್ಸೆಯ ಬಗ್ಗೆ ಒಂದು ಎಚ್ಚರಿಕೆ. ದಿನಾ ಕುಡಿಯುವವರನ್ನು ಉಪವಾಸ ಪ್ರಾರ್ಥನೆಗೆ ಕೂರಿಸಿ ಆ ಕ್ಷಣದಿಂದಲೇ ಕುಡಿತ ಬಿಡಿಸುವ ರೂಢಿ ನಮ್ಮ ಕೆಲವು ಸಭೆಗಳಲ್ಲಿದೆ. ದೇಹ ಮದ್ಯಕ್ಕೆ ಒಗ್ಗಿಹೋದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವವೂ ಹೋಗಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ಪ್ರಾರ್ಥನೆಗೆ ಅಲ್ಲಿಯೂ ಅಡ್ಡಿಯಿಲ್ಲ.

ಪ್ರಶ್ನೆ: ಮಗುವಿನ ಹೃದಯದ ಆಪರೇಷನ್ ಮುಂದಿನ ವಾರ ಮೈಸೂರಿನಲ್ಲಿ. ನನಗೆ ನಿದ್ದೆಯೇ ಇಲ್ಲ. ‘ಹೆದರಿದರೆ ದೇವರು ಕೇಳುವುದಿಲ್ಲ’ ಎನ್ನುತ್ತಾರೆ ನಾದಿನಿ.
– ಒಬ್ಬ ತಾಯಿ, ಕೊಳ್ಳೇಗಾಲ

ಉತ್ತರ: ಮಾರ್ಕನ 9ನೇ ಅಧ್ಯಾಯದ ಅಪ್ಪನೂ ಹೆದರಿದ್ದವನೇ, ತಾಯಿ. ಮೂರ್ಛೆ ಬೀಳುವ ಮಗನನ್ನು ಕರೆತಂದು, ತನಗೆ ನಂಬಿಕೆ ಇದೆ, ಆದರೆ ಅದು ಸಾಲದು ಎಂದು ಕೂಗಿಕೊಂಡ. ಯೇಸು ಆ ಮಗನನ್ನು ಗುಣಪಡಿಸಿದ. ಅಳು ಬಂದರೆ ಅತ್ತುಬಿಡಿ. ಡಾಕ್ಟರಿಗೆ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರಲು ನಾದಿನಿಯನ್ನೇ ಕರೆಯಿರಿ.

ಪ್ರಶ್ನೆ: ಗಲ್ಫ್‌ನಲ್ಲಿದ್ದೆ, ಕೆಲಸ ಹೋಯಿತು. ರಜೆಯಲ್ಲಿ ಬಂದಿದ್ದೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ರಾತ್ರಿ ಜಪಸರ ನಡೆಸುವವನು ನಾನೇ. ಹೆಂಡತಿ ‘ಪಪ್ಪನ ಕೆಲಸ ಕಾಪಾಡು ದೇವರೇ’ ಎಂದು ಬೇಡುವಾಗ ಗಂಟಲು ಕಟ್ಟುತ್ತದೆ. ಅವಳಿಗೆ ಹೇಳುವ ಧೈರ್ಯ ದೇವರು ಯಾವಾಗ ಕೊಡುತ್ತಾನೆ?
– ಉಡುಪಿ ಜಿಲ್ಲೆಯ ಓದುಗ

ಉತ್ತರ: ಮನೆಯ ಗಂಡಸು ಕುಗ್ಗಬಾರದು ಎಂಬ ಹೊರೆ ನಿಮ್ಮ ಬಾಯಿ ಕಟ್ಟಿದೆ. ಗೆತ್ಸೇಮನೆಯಲ್ಲಿ ಯೇಸು ಹಾಗೆ ನಡೆದುಕೊಳ್ಳಲಿಲ್ಲ. ಪೇತ್ರ, ಯಾಕೋಬ, ಯೋಹಾನರನ್ನು ಹತ್ತಿರ ಕರೆದು, ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಹೇಳಿಕೊಂಡ, ತನ್ನೊಡನೆ ಎಚ್ಚರವಾಗಿರಲು ಕೇಳಿಕೊಂಡ. ತಂದೆಯ ಮುಂದೆ ಬೋರಲು ಬಿದ್ದು ಪ್ರಾರ್ಥಿಸುವುದಕ್ಕೆ ಮೊದಲೇ ಸ್ನೇಹಿತರಲ್ಲಿ ಹೇಳಿದ್ದನ್ನು ಗಮನಿಸಿ. ನಿಮಗೆ ಎಚ್ಚರವಾಗಿ ಜೊತೆಗಿರಬೇಕಾದವರು ನಿಮ್ಮ ಹೆಂಡತಿಯೇ. ಗೊತ್ತಿಲ್ಲದೆ ಅವರು ಹೇಗೆ ಜೊತೆಗಿದ್ದಾರು? ಕೀರ್ತನೆಗಳ ಪುಸ್ತಕದಲ್ಲಿ 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲದೆ. ಅಂಥದ್ದನ್ನೂ ಪೂರ್ವಿಕರು ಆರಾಧನೆಯಲ್ಲಿ ಹಾಡಿದರು.

ಧೈರ್ಯ ಬರಲಿ ಎಂದು ಕಾಯುತ್ತಾ ಕೂರಬೇಡಿ. ಹೇಳತೊಡಗಿದ ಮೇಲೆ ಅದು ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕಂಪನಿಯಿಂದ ಬರಬೇಕಾದ ಗ್ರಾಚ್ಯುಟಿ, ಕೈಯಲ್ಲಿರುವ ದುಡ್ಡು, ಸಾಲದ ಕಂತು, ಮಕ್ಕಳ ಫೀಸು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮಕ್ಕಳು ಮಲಗಿದ ಮೇಲೆ ಹೆಂಡತಿಯ ಮುಂದಿಟ್ಟು ಹೇಳಿ. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಅವರಿಗೆ ಸಿಟ್ಟು ಬಂದೇ ಬರುತ್ತದೆ, ಎದುರಾಡದೆ ಕೇಳಿಸಿಕೊಳ್ಳಿ, ಕ್ಷಮೆ ಕೇಳಿ. ಒಡವೆ ಅಡವಿಡುವುದೋ ಬೇಡವೋ ಎಂಬುದನ್ನು ಆ ರಾತ್ರಿಯೇ ತೀರ್ಮಾನಿಸಬೇಡಿ. ಮಾರನೆಯ ದಿನ ಜಪಸರ ನಡೆಸಲು ಅವರಿಗೇ ಬಿಡಿ.