ಒಂದು ಚೀಲ ಹಿಂಡಿಗೆ ನಾಲ್ಕು ಕಡೆ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಂಗಡಿ, ಸಂಘ, ಮನೆ ಉದ್ಯಮದವರ ಪತ್ರಗಳಿಗೆ ಈ ಸಲದ ಉತ್ತರ. ಹೆಚ್ಚಿನ ಪತ್ರಗಳ ಅಳಲು ಒಂದೇ: ಯಂತ್ರಗಳೆಲ್ಲ ಬಂದವು, ಕೆಲಸ ಮಾತ್ರ ಕಮ್ಮಿಯಾಗಲಿಲ್ಲ.

ಪ್ರಶ್ನೆ: ನಂದೊಳ್ಳಿಯಲ್ಲಿ ಕಿರಾಣಿ, ಹಿಂಡಿ, ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಕಂಪ್ಯೂಟರ್ ಇದೆ, ಗೊಬ್ಬರಕ್ಕೆ ಬೆರಳೊತ್ತುವ ಪಿಓಎಸ್ ಯಂತ್ರ ಇದೆ, ಹಣ ಬಂದರೆ ಕೂಗಿ ಹೇಳುವ ಪೆಟ್ಟಿಗೆಯೂ ಇದೆ. ಗಿರಾಕಿಗಳು ಸಾಮಾನಿನ ಯಾದಿಯನ್ನು ವಾಟ್ಸಾಪಿನಲ್ಲೇ ಕಳಿಸುತ್ತಾರೆ. ಆದರೂ ರಾತ್ರಿ ಒಂಬತ್ತೂವರೆಯವರೆಗೆ ನಾನೂ ಮನೆಯವಳೂ ಲೆಕ್ಕ ಕೂಡಿಸುತ್ತ ಕೂರಬೇಕು. ಮಗ ‘ಎಲ್ಲ ಜೋಡಿಸಿ ಒಂದೇ ಸಿಸ್ಟಮ್ ಮಾಡು’ ಎನ್ನುತ್ತಾನೆ. ಲಾಭ ಇದೆಯೇ, ಅಥವಾ ಮತ್ತೊಂದು ಖರ್ಚೇ?
– ಅಂಗಡಿಕಾರರು, ನಂದೊಳ್ಳಿ

ಉತ್ತರ: ಲಾಭ ಇದೆ. ಎಲ್ಲಿದೆ ಎಂದು ತಿಳಿಯಬೇಕಾದರೆ ನಾಳೆ ಒಂದು ಚೀಲ ಹಿಂಡಿಯ ಬೆನ್ನು ಹತ್ತಿ ನೋಡಿ. ಪಕ್ಕದ ಮನೆಯವರು ಉದ್ರಿಗೆ ಚೀಲ ಒಯ್ಯುತ್ತಾರೆ. ಗಡಿಬಿಡಿಯಲ್ಲಿ ಚೀಟಿಯ ಮೇಲೆ ಗೀಚಿಕೊಳ್ಳುತ್ತೀರಿ, ಅದು ಒಂದು. ಮಧ್ಯಾಹ್ನ ಪುರುಸೊತ್ತಾದಾಗ ಉದ್ರಿ ಪುಸ್ತಕಕ್ಕೆ, ಎರಡು. ರಾತ್ರಿ ಕಂಪ್ಯೂಟರಿಗೆ, ಮೂರು. ತಿಂಗಳ ಕೊನೆಗೆ ಬಾಕಿ ಇಷ್ಟೆಂದು ವಾಟ್ಸಾಪಿನಲ್ಲಿ ಬರೆಯುವುದು ನಾಲ್ಕು. ಚೀಲ ಗೊಬ್ಬರದ್ದಾದರೆ ಪಿಓಎಸ್ ಸೇರಿ ಐದು. ಇಷ್ಟು ಸಲ ಬರೆದಲ್ಲಿ ಎಲ್ಲೋ ಒಂದು ಕಡೆ ತಪ್ಪುತ್ತದೆ, ಆ ತಪ್ಪು ಹೆಚ್ಚಾಗಿ ಬೀಳುವುದು ನಿಮ್ಮ ಮೈಮೇಲೇ. ಹೆಚ್ಚು ಬರೆದಿದ್ದರೆ ಗಿರಾಕಿ ಬಂದು ಕೇಳುತ್ತಾರೆ. ಕಡಿಮೆ ಬರೆದದ್ದು ಯಾರಿಗೂ ಗೊತ್ತಾಗದೇ ಹೋಗುತ್ತದೆ.

ಜೋಡಿಸುವುದೆಂದರೆ ಏನು ಎಂಬುದನ್ನು ಕಣ್ಣಾರೆ ನೋಡಬೇಕಿದ್ದರೆ, ಜೋಡಿತ ಯಂತ್ರ ಇಟ್ಟ ಯಾವುದಾದರೂ ಹಾಲು ಸಂಘದ ಬಾಗಿಲಲ್ಲಿ ಬೆಳಿಗ್ಗೆ ಹತ್ತು ನಿಮಿಷ ನಿಂತು ಬನ್ನಿ. ಹಿಂದೆ ಅಲ್ಲಿ ಹಾಲನ್ನು ಅಳೆದು ವಹಿಯಲ್ಲಿ ಬರೆದು, ಸ್ಯಾಂಪಲ್ ಬಾಟಲಿಗೆ ತುಂಬಿಸಿ ಇಡುತ್ತಿದ್ದರು. ಆಮೇಲೆ ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ, ಕೈಯಿಂದ ಯಂತ್ರ ತಿರುಗಿಸಿ, ಮೇಲೆ ನಿಂತ ಕೊಬ್ಬಿನ ಗೆರೆ ಓದಬೇಕಿತ್ತು. ತೂಕ ಒಂದು ವಹಿಯಲ್ಲಿ, ಫ್ಯಾಟ್ ಇನ್ನೊಂದರಲ್ಲಿ, ದರ ಗೋಡೆಯ ಪಟ್ಟಿಯಲ್ಲಿ. ಮೂರನ್ನೂ ಗುಣಿಸಿ ರೈತನ ಹೆಸರಿಗೆ ಬರೆಯುವುದು ಕಾರ್ಯದರ್ಶಿಯ ರಾತ್ರಿ ಕೆಲಸ. ಈಗ ತಕ್ಕಡಿಯ ಮೇಲೆ ಕ್ಯಾನ್ ಇಟ್ಟರೆ ತೂಕ ತಾನಾಗಿ ಕಂಪ್ಯೂಟರಿಗೆ ಹೋಗುತ್ತದೆ, ಪಕ್ಕದ ಯಂತ್ರ ಒಂದು ಗುಟುಕು ಹಾಲು ಎಳೆದುಕೊಂಡು ಫ್ಯಾಟ್ ಹೇಳುತ್ತದೆ, ದರ ಹಾಕಿಕೊಂಡು ಚೀಟಿ ಹೊರಗೆ ಬರುತ್ತದೆ. ಕ್ಯಾನ್ ಖಾಲಿಯಾಗುವಷ್ಟರಲ್ಲಿ ಇವತ್ತಿನ ದುಡ್ಡೆಷ್ಟೆಂದು ಹಾಲು ತಂದವರಿಗೆ ಗೊತ್ತು. ತಕ್ಕಡಿ, ಫ್ಯಾಟ್ ಯಂತ್ರ, ಕಂಪ್ಯೂಟರ್, ಪ್ರಿಂಟರ್ ಬಿಡಿಬಿಡಿಯಾಗಿ ಮೊದಲೂ ಸಿಗುತ್ತಿದ್ದವು. ಒಂದು ತಂತಿಯಲ್ಲಿ ಕಟ್ಟಿದ ಮೇಲೆ ಅವುಗಳ ಬೆಲೆ ಬೇರೆಯೇ ಆಯಿತು. ನಡುವೆ ಕೈಬರಹ ಇಲ್ಲವಾದ್ದರಿಂದ ಕಾರ್ಯದರ್ಶಿಯ ಮೇಲಿನ ಅನುಮಾನವೂ ಕಮ್ಮಿಯಾಯಿತು. ನನ್ನ ಲೆಕ್ಕದಲ್ಲಿ ಉಳಿದ ವೇಳೆಗಿಂತ ಅದು ದೊಡ್ಡ ಗಳಿಕೆ.

ನಿಮ್ಮ ಅಜ್ಜನ ಕಾಲದ ಕೀರ್ದಿ-ಖತಾವಣಿ ನೆನಪಿರಬಹುದು. ದಿನದ ವ್ಯವಹಾರ ಕೀರ್ದಿಗೆ, ಅದರಿಂದ ಹೆಕ್ಕಿ ಒಬ್ಬೊಬ್ಬರ ಖಾತೆಗೆ. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಕಂಪನಿ 1986ರಿಂದ ದೇಶದ ವ್ಯಾಪಾರಿಗಳ ಮನ ಗೆದ್ದದ್ದು ಈ ಎರಡನೇ ಬರವಣಿಗೆಯನ್ನು ತಪ್ಪಿಸಿ. ಒಮ್ಮೆ ನಮೂದಿಸಿದರೆ ಖಾತೆ, ಶಿಲ್ಕು, ತಾಳೆ ಪಟ್ಟಿ ಎಲ್ಲ ಅದರಿಂದಲೇ ಹುಟ್ಟುತ್ತವೆ. ನಿಮ್ಮ ಅಂಗಡಿಗೆ ಬೇಕಾದದ್ದು ಅದೇ ಕೆಲಸದ ಇನ್ನೊಂದು ಮೆಟ್ಟಿಲು: ಮಾಲು ಹೊರಗೆ ಹೋಗುವ ಕ್ಷಣದಲ್ಲೇ ಆ ಒಂದು ನಮೂದು ಆಗಬೇಕು.

ಹಾಗಾಗಿ ಮೊದಲು ಯಂತ್ರ ಕೊಳ್ಳಬೇಡಿ, ಹೆಸರುಗಳನ್ನು ಸರಿಮಾಡಿ. ನಾನು ಲೆಕ್ಕ ನೋಡುತ್ತಿದ್ದ ಒಂದು ಸಂಘದಲ್ಲಿ ಒಬ್ಬರೇ ಸದಸ್ಯರು ಮೂರು ಹೆಸರಲ್ಲಿದ್ದರು: ತಂದೆಯ ಹೆಸರು ಸೇರಿಸಿ ಒಂದು, ಮನೆಯ ಹೆಸರು ಸೇರಿಸಿ ಒಂದು, ಊರವರು ಕರೆಯುವ ಹೆಸರಿನಲ್ಲಿ ಒಂದು. ಹೊಸ ತಂತ್ರಾಂಶ ಹಾಕಿದ ದಿನ ಮೂವರೂ ಒಳಗೆ ಸೇರಿಕೊಂಡರು. ಒಬ್ಬರ ಖಾತೆಯಲ್ಲಿ ಬಾಕಿ, ಇನ್ನೊಬ್ಬರ ಖಾತೆಯಲ್ಲಿ ಜಮಾ, ಮೂರನೆಯವರಿಗೆ ನೋಟಿಸು. ಆ ಸದಸ್ಯರು ಕಾಗದ ಹಿಡಿದು ಬಂದು ‘ಕಟ್ಟಿದ ಸಾಲಕ್ಕೆ ಮತ್ತೆ ನೋಟಿಸು ಹೇಗೆ ಬಂತು’ ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಹೆಸರಿನ ಯಾದಿಯನ್ನು ಮೊದಲೇ ನೋಡಬೇಕಾಗಿದ್ದವನು ನಾನೇ. ನಿಮ್ಮ ಉದ್ರಿ ಪುಸ್ತಕ ಹಿಡಿದು ಕುಳಿತು ಪ್ರತಿ ಮನೆಗೂ ಒಂದು ಸಂಖ್ಯೆ ಕೊಡಿ. ಸಾಮಾನಿಗೂ ಹಾಗೆಯೇ. ‘ಹಿಂಡಿ’ ಎಂದಷ್ಟೇ ಬರೆದರೆ ಯಾವ ಹಿಂಡಿ, ಎಷ್ಟು ಕಿಲೋ ಚೀಲ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಅದಾದ ಮೇಲೆ ಬಿಲ್ಲಿಂಗ್ ತಂತ್ರಾಂಶ, ಉದ್ರಿಯೂ ಅದರೊಳಗೇ. ಮುಂದಿನ ಹೆಜ್ಜೆ ಕ್ಯೂಆರ್. ಈಗ ಗೋಡೆಗೆ ಅಂಟಿಸಿದ ಕ್ಯೂಆರಿಗೆ ಗಿರಾಕಿಯೇ ಮೊತ್ತ ಒತ್ತುತ್ತಾರೆ. ಪೆಟ್ಟಿಗೆ ಇಷ್ಟು ರೂಪಾಯಿ ಬಂತೆಂದು ಕೂಗುತ್ತದೆ, ಯಾರ ಖಾತೆಗೆ ಜಮಾ ಮಾಡಬೇಕೆಂದು ಹೇಳುವುದಿಲ್ಲ. ಬಿಲ್ಲಿನ ಜೊತೆಗೇ ಮೂಡುವ ಕ್ಯೂಆರಿನಲ್ಲಿ ಮೊತ್ತವೂ ಬಿಲ್ಲಿನ ಸಂಖ್ಯೆಯೂ ಇರುತ್ತವೆ. ತಂತ್ರಾಂಶಕ್ಕೆ ಅದನ್ನು ಜೋಡಿಸಿಕೊಂಡರೆ ಹಣ ಬಂದೊಡನೆ ಆ ಬಿಲ್ಲು ಮುಗಿಯುತ್ತದೆ. ನಿಮ್ಮ ರಾತ್ರಿಯ ಅರ್ಧ ಕೆಲಸ ಇಲ್ಲೇ ಕಡಿಮೆಯಾಗುತ್ತದೆ. ತಕ್ಕಡಿಯನ್ನು ಜೋಡಿಸುವುದು ಕೊನೆಗೆ. ಗೊಬ್ಬರದ ಪಿಓಎಸ್ ಸರ್ಕಾರದ ಜಾಲಕ್ಕೆ ಸೇರಿದ್ದು, 2018ರಿಂದ ದೇಶವೆಲ್ಲ ಸಬ್ಸಿಡಿ ಗೊಬ್ಬರದ ಮಾರಾಟ ಅದರಲ್ಲೇ. ಅದನ್ನು ಅದರ ಪಾಡಿಗೆ ಬಿಟ್ಟು, ದಿನಕ್ಕೊಮ್ಮೆ ಚೀಲದ ಶಿಲ್ಕನ್ನು ತಾಳೆ ನೋಡಿದರೆ ಸಾಕು.

ಇನ್ನೊಂದು ಲಾಭ ನಿಮಗೆ ಮೇ ಕೊನೆಯ ವಾರದಲ್ಲಿ ಕಾಣುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲಕ್ಕೆ ಎಲ್ಲರಿಗೂ ಒಮ್ಮೆಗೇ ಮೈಲುತುತ್ತ, ಸುಣ್ಣ ಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ ಎಲ್ಲರಿಗೂ ಗೊತ್ತು, ಆದರೆ ಯಾವ ಮನೆಗೆ ಹೋದ ವರ್ಷ ಎಷ್ಟು ಹೋಗಿತ್ತು? ಅದು ಉದ್ರಿ ಪುಸ್ತಕದ ಪುಟಗಳಲ್ಲಿ ಚದುರಿಹೋಗಿದೆ. ಒಂದೇ ಕಡೆ ನಮೂದಾಗಿದ್ದರೆ ಎಪ್ರಿಲ್‌ನಲ್ಲೇ ತೆಗೆದು ನೋಡಿ ಮಾಲು ತರಿಸಿಡಬಹುದು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ನಿಂತಿರುವಾಗ ಮೈಲುತುತ್ತ ಖಾಲಿ ಎಂದು ಹೇಳುವ ಪ್ರಸಂಗ ಬರುವುದಿಲ್ಲ.

ಪ್ರಶ್ನೆ: ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು, ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಆರ್ಡರ್ ಫೋನಿನಲ್ಲಿ, ವಾಟ್ಸಾಪಿನಲ್ಲಿ, ಬೆಂಗಳೂರಿನ ಅಕ್ಕನ ಮೂಲಕ, ಹೀಗೆ ಎಲ್ಲ ದಿಕ್ಕಿನಿಂದ ಬರುತ್ತದೆ. ಹೋದ ವರ್ಷ ಇಲ್ಲದ ಬಾಟಲಿಗೂ ದುಡ್ಡು ತೆಗೆದುಕೊಂಡುಬಿಟ್ಟೆ, ಆಮೇಲೆ ವಾಪಸು ಕಳಿಸುವಾಗ ನಾಚಿಕೆಯಾಯಿತು. ನನ್ನಂಥ ಚಿಕ್ಕವರಿಗೂ ಈ ಜೋಡಿಸುವ ವ್ಯವಸ್ಥೆ ಬೇಕೇ?
– ಗೃಹ ಉದ್ಯಮಿ, ಸಿದ್ದಾಪುರ

ಉತ್ತರ: ಬೇಕು, ಅಂಗಡಿಯವರಿಗಿಂತ ಹೆಚ್ಚಾಗಿ ನಿಮಗೇ ಬೇಕು. ಹಿಂಡಿ ಖಾಲಿಯಾದರೆ ಮರುದಿನ ಲಾರಿ ಬರುತ್ತದೆ. ಮಿಡಿ ಬರುವುದು ವರ್ಷಕ್ಕೊಮ್ಮೆ. ಭರಣಿಯಲ್ಲಿ ಎಷ್ಟಿದೆಯೋ ಅಷ್ಟೇ ನಿಮ್ಮ ವರ್ಷದ ಬಂಡವಾಳ.

ತಂತ್ರಾಂಶ ಕೊಳ್ಳುವ ಅಗತ್ಯ ಈಗಿಲ್ಲ. ಫೋನಿನಲ್ಲೇ ತೆರೆಯುವ ಒಂದು ಹಾಳೆ ಮಾಡಿ, ನೀವೂ ಬೆಂಗಳೂರಿನ ಅಕ್ಕನೂ ಅದೇ ಹಾಳೆಯನ್ನು ನೋಡುವ ಹಾಗೆ. ಆರ್ಡರ್ ಯಾವ ದಿಕ್ಕಿನಿಂದ ಬಂದರೂ ಅಲ್ಲೇ ಬರೆಯಬೇಕು, ಬರೆದಷ್ಟು ಬಾಟಲಿ ಶಿಲ್ಕಿನಿಂದ ತಾನಾಗಿ ಕಳೆಯಬೇಕು. ಶಿಲ್ಕು ಸೊನ್ನೆಯಾದ ಮೇಲೆ ಯಾರೂ ದುಡ್ಡು ತೆಗೆದುಕೊಳ್ಳಬಾರದು. ಅಂಚೆಯ ಸ್ಪೀಡ್ ಪೋಸ್ಟ್ ಸಂಖ್ಯೆಯನ್ನೂ ಅದೇ ಸಾಲಿನಲ್ಲಿ ಬರೆದಿಟ್ಟರೆ ‘ಎಲ್ಲಿ ಬಂತು?’ ಎಂದು ಕೇಳಿದವರಿಗೆ ಹುಡುಕದೆ ಹೇಳಬಹುದು.

ಅದರ ಜೊತೆ ಭರಣಿಗೊಂದು ಸಂಖ್ಯೆ ಕೊಡಿ. ಯಾವ ಮರದ ಮಿಡಿ, ಉಪ್ಪಿಗೆ ಹಾಕಿದ್ದು ಯಾವತ್ತು, ಖಾರ ಕಲಸಿದ್ದು ಯಾವತ್ತು ಎಂಬುದು ಆ ಸಂಖ್ಯೆಯ ಎದುರಿಗಿರಲಿ, ಬಾಟಲಿಯ ಚೀಟಿಯ ಮೇಲೆ ಅದೇ ಸಂಖ್ಯೆ ಬರಲಿ. ಬ್ಯಾಚ್ ಸಂಖ್ಯೆಯನ್ನು ಆಹಾರ ಸುರಕ್ಷೆಯ ನಿಯಮವೂ ಕೇಳುತ್ತದೆ. ನಾಳೆ ಯಾರಾದರೂ ‘ಮಿಡಿ ಮೆತ್ತಗಾಗಿದೆ’ ಎಂದರೆ ಎಲ್ಲ ಬಾಟಲಿಗೂ ಹೆದರಬೇಕಿಲ್ಲ, ಅದೊಂದು ಭರಣಿ ಮುಚ್ಚಳ ತೆಗೆದರಾಯಿತು. ‘ಹೋದ ವರ್ಷದ ಅದೇ ಪರಿಮಳದ್ದು ಬೇಕು’ ಎನ್ನುವವರಿಗೆ ಯಾವ ಮರದ್ದೆಂದು ಹೇಳಬಲ್ಲಿರಿ. ಅಂಥ ಗಿರಾಕಿಯನ್ನು ಜಾಹೀರಾತು ತಂದುಕೊಡುವುದಿಲ್ಲ.

ಪ್ರಶ್ನೆ: ಮೂರೆಕರೆ ತೋಟದವ ನಾನು. ಪಹಣಿಗೆ ಆಧಾರ್ ಜೋಡಿಸು, ಎಫ್‌ಐಡಿ ಮಾಡಿಸು, ವಿಮೆಗೆ ಬ್ಯಾಂಕ್ ಖಾತೆ ಜೋಡಿಸು ಎಂದು ಓಡಾಡಿಸುತ್ತಾರೆ. ಅಡಿಕೆ ಟೆಂಡರೂ ಕಂಪ್ಯೂಟರಿನಲ್ಲಿ. ಜೋಡಣೆಯಿಂದ ಮಂಡಿಗೆ, ಸರ್ಕಾರಕ್ಕೆ ಅನುಕೂಲ ಸರಿ, ಬೆಳೆಗಾರನಿಗೇನು?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೂ ಟೆಂಡರಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಚೀಟಿ ಕಾಲದಲ್ಲಿ ವ್ಯಾಪಾರಿಗಳು ರಾಶಿ ನೋಡಿ, ಲಾಟ್ ಸಂಖ್ಯೆಗೆ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ನೂರಾರು ಲಾಟಿನ ಚೀಟಿ ಬಿಡಿಸಿ, ಮೇಲಿನ ದರ ಹುಡುಕಿ, ವಹಿಗೆ ಏರಿಸುವಷ್ಟರಲ್ಲಿ ಸಂಜೆ. ಅವಸರದಲ್ಲಿ ಒಂದರ ದರ ಪಕ್ಕದ ಲಾಟಿಗೆ ಏರಿದರೆ ಪೆಟ್ಟು ಬೆಳೆಗಾರನಿಗೇ. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು. ಅದರಲ್ಲಿ ಮಾಲು ಪ್ರಾಂಗಣಕ್ಕೆ ಬಂದಾಗ ಕೊಟ್ಟ ಲಾಟ್ ಸಂಖ್ಯೆಯೇ ದರ, ತೂಕ, ವಿಕ್ರಿ ಪಟ್ಟಿಯವರೆಗೂ ಜೊತೆಗೆ ಬರುತ್ತದೆ. ಮೇಲಿನ ದರ ಯಾವುದೆಂದು ಕಂಪ್ಯೂಟರೇ ಆರಿಸುತ್ತದೆ. ಎರಡು ವರ್ಷದ ಮೇಲೆ ಕೇಂದ್ರ ಸರ್ಕಾರ ಇ-ನಾಮ್ ಶುರು ಮಾಡುವಾಗ ಕರ್ನಾಟಕದ ಈ ಅನುಭವ ಎದುರಿಗಿತ್ತು.

ಜೋಡಿಸುವ ವಿಚಾರವೂ ನಮಗೆ ಹೊಸದಲ್ಲ. ಬೆಳೆಗೆ ಸಾಲ ಕೊಟ್ಟ ಸಂಘ, ಮಾಲು ಮಾರುವ ಸಂಘ ಎರಡೂ ಕೈಜೋಡಿಸಬೇಕು, ವಿಕ್ರಿಯಿಂದಲೇ ಸಾಲ ತೀರಬೇಕು ಎಂದು 1954ರಲ್ಲೇ ಗ್ರಾಮೀಣ ಸಾಲ ಸಮೀಕ್ಷಾ ಸಮಿತಿ ಹೇಳಿತ್ತು. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಂಥ ಮಾರಾಟ ಸಂಘಗಳಲ್ಲೂ ಊರ ಸೇವಾ ಸಹಕಾರಿ ಸಂಘಗಳಲ್ಲೂ ಖಾತೆ ಇರುವ ಮನೆಗಳಿಗೆ ಈ ನಂಟು ಗೊತ್ತಿದ್ದದ್ದೇ. ಆಗ ಅದನ್ನು ಗುಮಾಸ್ತರ ಲೇಖಣಿ ನಡೆಸುತ್ತಿತ್ತು. 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಯೋಜನೆಗೆ ಒಪ್ಪಿಗೆ ಸಿಕ್ಕಿತು.

ವಿಮೆಯ ಮಾತು ಬೇರೆ. ಹವಾಮಾನ ಆಧಾರಿತ ವಿಮೆಯಲ್ಲಿ ತೋಟಕ್ಕೆ ಬಂದು ಯಾರೂ ಕೊಳೆ ನೋಡುವುದಿಲ್ಲ. ಪಂಚಾಯ್ತಿಯ ಮಳೆಮಾಪಕ ಕಳಿಸಿದ ಅಂಕಿ, ಪಹಣಿಯ ವಿಸ್ತೀರ್ಣ, ನಿಮ್ಮ ಬ್ಯಾಂಕ್ ಖಾತೆ ಈ ಮೂರೂ ಕೂಡಿ ಪರಿಹಾರ ಹುಟ್ಟುತ್ತದೆ. ಎಲ್ಲ ಸರಿಯಿದ್ದರೆ ಅರ್ಜಿ ಹಿಡಿದು ಅಲೆಯದೆ ಹಣ ಖಾತೆಗೆ ಬೀಳುತ್ತದೆ, ಇದು ಸಣ್ಣ ಮಾತಲ್ಲ. ಆದರೆ ಸರಪಳಿಯ ಒಂದು ಕೊಂಡಿ ಕೆಟ್ಟರೂ ಇಡೀ ಲೆಕ್ಕ ನಿಲ್ಲುತ್ತದೆ. ಮಾಪಕ ಕೆಟ್ಟರೆ ಪಂಚಾಯ್ತಿಗೆಲ್ಲ ಪೆಟ್ಟು, ಪಹಣಿಯಲ್ಲೊಂದು ಹೆಸರು ಪಾಸ್‌ಬುಕ್ಕಿನಲ್ಲೊಂದು ಇದ್ದರೆ ನಿಮ್ಮೊಬ್ಬರಿಗೆ. ಹಾಗಾಗಿ ಕಂತು ಕಟ್ಟುವ ಮೊದಲೇ ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಹೆಸರಿನ ಅಕ್ಷರ ಅಕ್ಷರ ಹೋಲಿಸಿ. ಮಾಪಕ ನಿಂತದ್ದು ಕಂಡರೆ ಪಂಚಾಯ್ತಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಒಂದನ್ನು ಮಾತ್ರ ಇನ್ನೂ ಯಾವ ತಂತಿಗೂ ಕಟ್ಟಿಲ್ಲ. ಚಾಲಿ ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುವ ಕಣ್ಣು, ರಾಶಿಯಿಂದ ಬೆಟ್ಟೆ ಹೆಕ್ಕುವ ಕೈ ಇವತ್ತಿಗೂ ಮನುಷ್ಯರದ್ದೇ. ನಿಮ್ಮ ದರ ನಿಲ್ಲುವುದು ಅಲ್ಲಿ. ಮನೆಯಲ್ಲಿ ಚೆನ್ನಾಗಿ ಆರಿಸಿ ಬೇರೆ ಬೇರೆ ಚೀಲ ಕಟ್ಟಿ ತಂದ ಮಾಲಿಗೇ ಆನ್‌ಲೈನ್ ಟೆಂಡರಿನ ಪೂರ್ತಿ ಫಲ ಸಿಗುವುದು.

ಪ್ರಶ್ನೆ: ಎಲ್ಲ ಜೋಡಿಸಿದ ಮೇಲೆ ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೆ? ತಂತ್ರಾಂಶದವರು ಫೋನೇ ಎತ್ತದಿದ್ದರೆ?
– ಸಹಕಾರಿ ಸಂಘದ ನೌಕರ, ಯಲ್ಲಾಪುರ

ಉತ್ತರ: ಕೇಳಲೇಬೇಕಾದ ಪ್ರಶ್ನೆ. 2021ರ ಜುಲೈನಲ್ಲಿ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ತಾಲೂಕು ನಿಮ್ಮದು. ರಸ್ತೆಯೂ ತಂತಿಯೂ ಎಷ್ಟು ಹೊತ್ತಿನಲ್ಲಿ ಇಲ್ಲದಾಗಬಹುದೆಂದು ನಾನು ಹೇಳಬೇಕಿಲ್ಲ. ನೆಟ್ ಇಲ್ಲದಿದ್ದರೂ ಬಿಲ್ಲು ಮಾಡಿ, ನೆಟ್ ಬಂದಾಗ ತಾನಾಗಿ ಮೇಲೆ ಕಳಿಸುವ ತಂತ್ರಾಂಶವನ್ನೇ ಕೇಳಿ. ನಿಮ್ಮ ಲೆಕ್ಕವನ್ನೆಲ್ಲ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಲು ಬರುತ್ತದೆಯೇ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲು ಎದುರಿಗೇ ಇಳಿಸಿ ತೋರಿಸಲು ಹೇಳಿ. ಇಳಿಸಲು ಬಾರದ ತಂತ್ರಾಂಶ ಎಷ್ಟು ಅಗ್ಗವಾದರೂ ಬೇಡ. ವಾರಕ್ಕೊಮ್ಮೆ ಸದಸ್ಯರ ಬಾಕಿ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಕಪಾಟಿನಲ್ಲಿಡಿ.

ಇಷ್ಟಾದ ಮೇಲೆ ಮೇ ತಿಂಗಳ ಒಂದು ಸಂತೆಯ ದಿನ, ಎಲ್ಲರೂ ಇರುವಾಗ, ಅರ್ಧ ದಿನ ಬೇಕೆಂದೇ ಪ್ಲಗ್ ಕಿತ್ತಿಟ್ಟು ಕೌಂಟರ್ ನಡೆಸಿ ನೋಡಿ. ಯಾವ ಚೀಟಿ ಎಲ್ಲಿ ಸಿಗಲಿಲ್ಲ, ಯಾರ ಬಾಕಿ ಹೇಳಲಾಗಲಿಲ್ಲ ಎಂದು ಬರೆದಿಟ್ಟುಕೊಂಡು, ಜೂನ್ ಮಳೆ ಹಿಡಿಯುವುದರೊಳಗೆ ಸರಿಮಾಡಿಕೊಳ್ಳಿ.