ಮುಖಕ್ಕಿಂತ ಮೊದಲು ತೋಳು

ಚಿ. ಸುಮಾಳಿಗೆ ಆಶೀರ್ವಾದಗಳು.

ನೀನು ಕಳಿಸಿದ ಚಿತ್ರಗಳನ್ನು ನೋಡಿದೆ. ಅಜ್ಜಿಯ ಮೂಗುಬೊಟ್ಟು, ಅಪ್ಪನ ಕನ್ನಡಕ, ತಮ್ಮನ ಕೆದರಿದ ಕೂದಲು ಎಲ್ಲ ಸರಿಯಾಗಿ ಬಂದಿವೆ. ಆದರೆ ಇವರೆಲ್ಲ ಒಂದೇ ಮನೆಯವರು ಅಂತ ಗೊತ್ತಾಗಿದ್ದು ನೀನು ಕೆಳಗೆ ಬರೆದ ಹೆಸರುಗಳಿಂದ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತವರ ಹಾಗೆ, ಅವರವರ ಪಾಡಿಗೆ ಇದ್ದಾರೆ.

ಜರ್ಮನಿಯ ಕೇಟೆ ಕೋಲ್ವಿಟ್ಸ್ ಅವರ ಚಿತ್ರಗಳನ್ನು ಹುಡುಕಿ ನೋಡು. 1867ರಲ್ಲಿ ಹುಟ್ಟಿದವರು. ಗಂಡ ಕಾರ್ಲ್ ಬರ್ಲಿನ್ನಿನ ಕಾರ್ಮಿಕರ ಬಡಾವಣೆಯಲ್ಲಿ ಡಾಕ್ಟರು. ಔಷಧಿಗೆ ಬರುವ ಹೆಂಗಸರ ಕಷ್ಟ ಇವರಿಗೆ ದಿನಾ ಕಣ್ಣೆದುರಿಗೇ ಇತ್ತು. 1903ರಲ್ಲಿ ಒಂದು ಎಚ್ಚಿಂಗ್ ಮಾಡಿದರು: ಸತ್ತ ಮಗುವನ್ನು ತಬ್ಬಿ ಕೂತ ತಾಯಿ. ಅದಕ್ಕೆ ಮಾಡೆಲ್ ತಾವೇ. ಏಳು ವರ್ಷದ ಮಗ ಪೀಟರನನ್ನು ತೋಳಲ್ಲಿ ಹಿಡಿದು, ಕನ್ನಡಿ ನೋಡಿಕೊಂಡು ಬರೆದರು. ತಾಯಿಯ ಮುಖ ಅರ್ಧಕ್ಕರ್ಧ ಮಗುವಿನ ಎದೆಯಲ್ಲಿ ಹುದುಗಿಹೋಗಿದೆ. ಮೈಮೇಲೆ ಬಟ್ಟೆಯಿಲ್ಲ, ಹಿಂದೆ ಮನೆ ಮಠ ಏನೂ ಇಲ್ಲ. ಯಾವ ಊರಿನವಳು ಅಂತ ಹೇಗೆ ಹೇಳುತ್ತೀಯ? ತನ್ನ ಮನೆಯ ಕನ್ನಡಿಯಲ್ಲಿ ಕಂಡದ್ದು ಎಲ್ಲರ ಮನೆಯದೂ ಆಗಿಬಿಟ್ಟಿದೆ, ಬರೀ ಆ ತೋಳಿನ ಬಿಗಿತದಿಂದ.

ಅದೇ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸತ್ತ. ವಯಸ್ಸು 18. ಅವನು ಸೈನ್ಯಕ್ಕೆ ಸೇರುವುದು ಅಪ್ಪನಿಗೆ ಬೇಡವಾಗಿತ್ತು, ಒಪ್ಪಿಸಿದ್ದು ತಾಯಿಯೇ. ಮಗನ ಸ್ಮಾರಕ ನಿಂತದ್ದು 1932ರಲ್ಲಿ. ಕಲ್ಲಿನ ಅಪ್ಪ ಅಮ್ಮ ಮಂಡಿಯೂರಿದ್ದಾರೆ, ಬೇರೆ ಬೇರೆ ಪೀಠಗಳ ಮೇಲೆ. ಅಪ್ಪ ತನ್ನ ತೋಳಿನಿಂದ ತನ್ನನ್ನೇ ಬಿಗಿಹಿಡಿದಿದ್ದಾನೆ, ಅಮ್ಮ ಬಗ್ಗಿದ್ದಾಳೆ. ಒಬ್ಬರಿಗೊಬ್ಬರು ತಾಗುವುದಿಲ್ಲ. ತಬ್ಬಿಕೊಂಡಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ನಿಮ್ಮ ಮನೆಯಲ್ಲೂ ಮಾತು ಬಿಟ್ಟವರು ಇರಬಹುದು. ಹಾಳೆಯ ಮೇಲೆ ಅವರನ್ನು ರಾಜಿ ಮಾಡಿಸಲು ಹೋಗಬೇಡ. ನಡುವಿನ ಜಾಗವನ್ನೂ ಅಳತೆ ನೋಡಿ ಬರಿ.

ಇನ್ನು ಕೆಲಸದ ಮಾತು. ಫೋನಿನ ಫೋಟೊ ನೋಡಿ ಬರೆಯುವುದನ್ನು ಸದ್ಯಕ್ಕೆ ಬಿಡು. ಫೋಟೊಗೆ ನಿಂತವರು ಕ್ಯಾಮೆರಾ ಕಡೆ ನೋಡುತ್ತಾರೆ, ಪಕ್ಕದವರ ಕಡೆ ನೋಡುವುದಿಲ್ಲ. ಅಮ್ಮ ಯಾರದೋ ತಲೆ ಬಾಚುವಾಗ, ನಿದ್ದೆ ಬಂದ ಮಗುವನ್ನು ಯಾರೋ ಹೆಗಲಿಗೆ ಹಾಕಿಕೊಂಡಾಗ, ಇದ್ದಿಲು ಹಿಡಿದು ಎದುರು ಕೂತುಕೊ. ಕಣ್ಣು ಮೂಗಿನಿಂದ ಶುರು ಮಾಡಬೇಡ. ಕೈ ತಲೆಗೆ ತಾಗಿದ ಜಾಗ, ಮಗುವಿನ ಭಾರ ಬಿದ್ದ ಭುಜ, ಅಲ್ಲಿಂದ ಶುರು ಮಾಡು. ಭಾರ ಎಲ್ಲಿದೆಯೋ ಅಲ್ಲಿ ಒತ್ತಿ ಎಳೆ. ಅವರು ಎದ್ದು ಹೋಗುತ್ತಾರೆ, ಹೋಗಲಿ. ಅರ್ಧ ಬಿಟ್ಟು ಇನ್ನೊಂದು ಹಾಳೆ ತೆಗೆ.

ಕೋಲ್ವಿಟ್ಸ್ ಹೆಸರು ಹೇಳಿದೆ ಅಂತ ಸಾವು ನೋವನ್ನೇ ಹುಡುಕಿಕೊಂಡು ಹೋಗಬೇಡ, ಮಾರಾಯ್ತಿ. ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಂದಿರನ್ನೂ ಅವರು ಬರೆದಿದ್ದಾರೆ. ನೋವನ್ನು ಬರೆದವರು ನಮ್ಮ ದೇಶದಲ್ಲೂ ಇದ್ದರು, ಚಿತ್ತಪ್ರಸಾದ್, ಸೋಮನಾಥ್ ಹೋರ್. 1943ರ ಬಂಗಾಳದ ಬರಗಾಲದಲ್ಲಿ ಹಸಿದವರ ನಡುವೆ ಓಡಾಡಿ ಬರೆದವರು. ಅವರನ್ನು ಆಮೇಲೆ ನೋಡಿದರಾಯಿತು.

ಇನ್ನೊಂದು ಮಾತು. ಪ್ರದರ್ಶನಕ್ಕೆ ಇಡುವ ಮುಂಚೆ ಮನೆಯವರನ್ನು ಕೇಳು. ಬೇಡ ಅಂದವರ ಚಿತ್ರ ಪೆಟ್ಟಿಗೆಯಲ್ಲೇ ಇರಲಿ. "ನಾನು ಇಷ್ಟು ದಪ್ಪ ಇದ್ದೀನೇನೇ?" ಅಂತ ದೊಡ್ಡಮ್ಮ ಬೈದರೆ ಮಾತ್ರ ಸುಮ್ಮನೆ ಬೈಸಿಕೊ, ತಿದ್ದಲು ಹೋಗಬೇಡ.

ಇಂತಿ,
ನಿನ್ನ ಡ್ರಾಯಿಂಗ್ ಮೇಷ್ಟ್ರು