ನುಗ್ಗೆ ಸೊಪ್ಪು ಹಸುವಿಗೆ ಏನು ಕೊಡುತ್ತದೆ, ಏನು ಕೊಡಲಾರದು



ನುಗ್ಗೆ ಸೊಪ್ಪಿನಲ್ಲಿ ಆಂಟಿಆಕ್ಸಿಡೆಂಟ್ ಇದೆ, ಅದು ಡಿ.ಎನ್.ಎ.ಯನ್ನು ಕಾಪಾಡುತ್ತದೆ ಎಂಬ ಮಾತು ಕೇಳಿರುತ್ತೀರಿ. ಮಾತು ಸುಳ್ಳಲ್ಲ. ಆದರೆ ಅದು ಎಲ್ಲಿ ನಿಜ, ಎಷ್ಟು ನಿಜ ಎಂಬುದನ್ನು ಪುಡಿಗೆ ದುಡ್ಡು ಕೊಡುವ ಮೊದಲು ತಿಳಿದಿರಬೇಕು.

ಹಸು ಮೇವಿನಿಂದ ಶಕ್ತಿ ಪಡೆಯುವಾಗ ಅದರ ಜೀವಕೋಶಗಳಲ್ಲಿ ಆಮ್ಲಜನಕದ ಕೆಲವು ಕೆರಳಿದ ಕಣಗಳು ಹುಟ್ಟುತ್ತವೆ. ಕೋಶದ ಪೊರೆ, ಪ್ರೋಟೀನು, ಡಿ.ಎನ್.ಎ. ಹೀಗೆ ಸಿಕ್ಕಿದ್ದನ್ನೆಲ್ಲ ಅವು ಹಾಳುಮಾಡುತ್ತವೆ. ಇವನ್ನು ತಣ್ಣಗೆ ಮಾಡುವ ವಸ್ತುವೇ ಆಂಟಿಆಕ್ಸಿಡೆಂಟ್. ಕರು ಹಾಕುವ ಮುಂಚಿನ ಮೂರು ವಾರ, ನಂತರದ ಮೂರು ವಾರ ಈ ಕಾಟ ಹೆಚ್ಚು. ಕೆಚ್ಚಲು ಬಾವು, ಸತ್ತೆ ಬೀಳದಿರುವುದು ಈ ದಿನಗಳಲ್ಲೇ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಪ್ರಯೋಗಶಾಲೆಯಲ್ಲಿ ಪರೀಕ್ಷೆ ಹೀಗೆ ನಡೆಯುತ್ತದೆ. ಬ್ಯಾಕ್ಟೀರಿಯಾದಿಂದ ತೆಗೆದ ಉಂಗುರದಂಥ ಡಿ.ಎನ್.ಎ.ಗೆ ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ. ಉಂಗುರ ತುಂಡಾಗುತ್ತದೆ. ಸೊಪ್ಪಿನ ಸಾರವನ್ನೂ ಸೇರಿಸಿದಾಗ ಉಂಗುರ ಉಳಿದರೆ, ಸಾರಕ್ಕೆ ಕಾಪಾಡುವ ಗುಣವಿದೆ ಎಂದರ್ಥ. ನುಗ್ಗೆ, ನೆಲ್ಲಿ, ಅರಿಶಿನ ಮೂರೂ ಇಂಥ ಪರೀಕ್ಷೆಯಲ್ಲಿ ಗೆದ್ದಿವೆ.

ಆದರೆ ಗಾಜಿನ ನಳಿಕೆಗೆ ನಾಲ್ಕು ಹೊಟ್ಟೆಗಳಿಲ್ಲ! ಹಸು ತಿಂದ ಸೊಪ್ಪು ಮೊದಲು ದೊಡ್ಡ ಹೊಟ್ಟೆಗೆ ಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಸೊಪ್ಪಿನ ಅನೇಕ ಸತ್ವಗಳನ್ನು ಒಡೆದುಬಿಡುತ್ತವೆ. ಸಿ ಜೀವಸತ್ವದ ಬಹುಭಾಗ ಅಲ್ಲೇ ನಾಶ. (ಹಸು ಅದನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ, ಚಿಂತೆ ಬೇಡ.) ಇ ಜೀವಸತ್ವ ಮತ್ತು ಕ್ಯಾರೊಟಿನ್ ಮಾತ್ರ ಹೆಚ್ಚಿನ ಪಾಲು ದಾಟಿ ರಕ್ತಕ್ಕೆ ಸೇರುತ್ತವೆ. ಇವೆರಡೂ ಯಾವುದೇ ಹಸಿರು ಮೇವಿನಲ್ಲಿವೆ. ಒಣ ಹುಲ್ಲಿನಲ್ಲಿ ತೀರ ಕಡಿಮೆ, ಬಿಸಿಲಿಗೆ ಒಣಗಿಸಿದಷ್ಟೂ ಹೋಗುತ್ತವೆ. ಆದ್ದರಿಂದ ನುಗ್ಗೆ ಸೊಪ್ಪನ್ನು ಹಸಿಯಾಗಿ ಕೊಡಿ, ಇಲ್ಲವೇ ನೆರಳಿನಲ್ಲಿ ಒಣಗಿಸಿ. ಒಣ ತೂಕದಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್ ಇರುವುದರಿಂದ ಇದು ಒಳ್ಳೆಯ ಮೇವು. ಮೇವಿನ ಬೆಲೆ ಕೊಡಿ, ಔಷಧಿಯ ಬೆಲೆ ಬೇಡ. ಬೇಲಿಯ ಸಾಲಿನಲ್ಲಿ ನೀವೇ ಬೆಳೆದರೆ ಇನ್ನೂ ಒಳ್ಳೆಯದು. ಸ್ವಲ್ಪದಿಂದ ಶುರುಮಾಡಿ ಹತ್ತು ದಿನಗಳಲ್ಲಿ ಹೆಚ್ಚಿಸಿ. ಖನಿಜ ಮಿಶ್ರಣ ನಿಲ್ಲಿಸಬೇಡಿ.

ಡಿ.ಎನ್.ಎ. ಬಗ್ಗೆ ನಿಜವಾಗಿ ಹೆದರಬೇಕಾದದ್ದು ಬೂಷ್ಟು ಹಿಡಿದ ಹಿಂಡಿಗೆ. ಅದರಲ್ಲಿನ ಅಫ್ಲಾಟಾಕ್ಸಿನ್ ಹಸುವಿನ ಯಕೃತ್ತಿನಲ್ಲಿ ಡಿ.ಎನ್.ಎ.ಗೇ ಅಂಟಿಕೊಳ್ಳುತ್ತದೆ. ಒಂದು ಪಾಲು ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದಕ್ಕೆ ಇರುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಮಾತ್ರ. ಬೂಷ್ಟು ಕೆರೆದು ಬಿಸಿಲಿಗೆ ಹಾಕಿದರಾಗಲಿ, ಅರಿಶಿನವನ್ನೋ ನುಗ್ಗೆ ಪುಡಿಯನ್ನೋ ಬೆರೆಸಿದರಾಗಲಿ ಆ ಹಿಂಡಿ ಸರಿಹೋಗುವುದಿಲ್ಲ. ಅದನ್ನು ಮಣ್ಣಿನಲ್ಲಿ ಹೂಳಿ. ಕೋಳಿಗೂ ಹಾಕಬೇಡಿ: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಇಂಥದೇ ಕಡಲೆಕಾಯಿ ಹಿಂಡಿ ತಿಂದು.